ಮಗು ಯಾರ ಸುಪರ್ದಿಗೆ? ಆನಿ ಬೆಸೆಂಟರ ಎರಡು ಮೊಕದ್ದಮೆಗಳು

ಮಂಗಳೂರಿನವರಿಗೆ ಬೆಸೆಂಟ್ ಎಂದರೆ ಮೊದಲು ನೆನಪಾಗುವುದು ಆ ಹೆಸರಿನ ವಿದ್ಯಾಸಂಸ್ಥೆ. ಮಿಕ್ಕವರಿಗೆ ಹೋಂ ರೂಲ್ ಚಳವಳಿ, 1917ರ ಕಲ್ಕತ್ತ ಕಾಂಗ್ರೆಸ್ ಅಧಿವೇಶನ, ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿ. ವಕೀಲರಿಗೆ ಆ ಹೆಸರು ಎದುರಾಗುವ ಸಂದರ್ಭವೇ ಬೇರೆ. ಅಜ್ಜಿಯ ಮನೆಯಲ್ಲಿ ಬೆಳೆದ ಮಗುವನ್ನು ತಂದೆ ಮರಳಿ ಕೇಳಿದಾಗ, ಒಂದು ಊರಿನಲ್ಲಿರುವ ಮಗುವಿಗಾಗಿ ಇನ್ನೊಂದು ಊರಿನ ನ್ಯಾಯಾಲಯದಲ್ಲಿ ಅರ್ಜಿ ಬಿದ್ದಾಗ, ಗ್ರಂಥಾಲಯದ ಕಪಾಟಿನಿಂದ ಹೊರಬರುವ ಹಳೆಯ ತೀರ್ಪುಗಳಲ್ಲಿ ‘ಆನಿ ಬೆಸೆಂಟ್ ವಿರುದ್ಧ ನಾರಾಯಣಯ್ಯ’ ಒಂದು. ಅದು 1914ರ ಪ್ರಿವಿ ಕೌನ್ಸಿಲ್ ತೀರ್ಪು. ಆ ಮೊಕದ್ದಮೆಯಲ್ಲಿ ಬೆಸೆಂಟರು ಬೇರೊಬ್ಬರ ಮಕ್ಕಳನ್ನು ತಮ್ಮ ಬಳಿ ಉಳಿಸಿಕೊಳ್ಳಲು ಹೋರಾಡುತ್ತಿದ್ದರು. ಅದಕ್ಕೆ 36 ವರ್ಷಗಳ ಹಿಂದೆ, ಲಂಡನ್ನಿನ ನ್ಯಾಯಾಲಯವೊಂದರಲ್ಲಿ, ತಮ್ಮ ಸ್ವಂತ ಮಗಳನ್ನು ಉಳಿಸಿಕೊಳ್ಳಲು ಹೋರಾಡಿ ಅವರು ಸೋತಿದ್ದರು.

ಈ ಎರಡು ಮೊಕದ್ದಮೆಗಳನ್ನು ಜೊತೆಯಾಗಿಟ್ಟು ನೋಡಿದರೆ, ಇಂದು ಕೌಟುಂಬಿಕ ನ್ಯಾಯಾಲಯದ ವರಾಂಡದಲ್ಲಿ ನಿಂತ ತಂದೆತಾಯಿಗಳು ವಕೀಲರನ್ನು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಅಲ್ಲಿ ಸಿಗುತ್ತವೆ. ಮಗುವಿನ ಮೇಲೆ ಮೊದಲ ಹಕ್ಕು ಯಾರದು? ಬರೆದುಕೊಟ್ಟ ಕರಾರು ಕಟ್ಟಿಹಾಕುತ್ತದೆಯೇ? ತಾಯಿಯ ನಂಬಿಕೆ, ನಡತೆಗಳನ್ನು ಕೋರ್ಟು ತೂಗಬಹುದೇ? ಮಗುವನ್ನು ಯಾರಾದರೂ ಕೇಳುತ್ತಾರೆಯೇ?

ಆನಿ ವುಡ್ 1867ರಲ್ಲಿ ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯನ್ನು ಮದುವೆಯಾದಾಗ ಅವರಿಗೆ ಇಪ್ಪತ್ತು ತುಂಬಿತ್ತಷ್ಟೆ. 1869ರಲ್ಲಿ ಮಗ ಡಿಗ್ಬಿ, 1870ರಲ್ಲಿ ಮಗಳು ಮೇಬಲ್ ಹುಟ್ಟಿದರು. ಪಾದ್ರಿಯ ಹೆಂಡತಿಗೆ ಕ್ರೈಸ್ತ ಧರ್ಮದ ಮೂಲ ನಂಬಿಕೆಗಳಲ್ಲೇ ಸಂದೇಹ ಹುಟ್ಟಿತು. ಚರ್ಚಿನ ಪ್ರಭುಭೋಜನ ಸಂಸ್ಕಾರದಲ್ಲಿ ಪಾಲುಗೊಳ್ಳಲು ಅವರು ಒಪ್ಪಲಿಲ್ಲ. 1873ರಲ್ಲಿ ಗಂಡಹೆಂಡಿರು ಬೇರೆಯಾದರು. ಕಾನೂನುಬದ್ಧವಾಗಿ ಬರೆದ ಕರಾರಿನಂತೆ ಮಗ ತಂದೆಯ ಬಳಿ, ಮಗಳು ತಾಯಿಯ ಬಳಿ ಉಳಿದರು.

ಈ ಕರಾರು ಸಾಧ್ಯವಾದದ್ದೇ ಆ ಕಾಲಕ್ಕೆ ಹೊಸ ಸಂಗತಿ. ಇಂಗ್ಲೆಂಡಿನ ಹಳೆಯ ಸಾಮಾನ್ಯ ಕಾನೂನಿನಲ್ಲಿ ಮಕ್ಕಳು ತಂದೆಯವರು. ತಾಯಿಗೆ ಸಲ್ಲಬೇಕಾದದ್ದು ಗೌರವವೇ ಹೊರತು ಅಧಿಕಾರವಲ್ಲ ಎಂದು ಹದಿನೆಂಟನೆಯ ಶತಮಾನದ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಬರೆದಿಟ್ಟಿದ್ದ. ಈ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿದವಳು ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ. 1836ರಲ್ಲಿ ಆಕೆಯ ಗಂಡ ಮೂವರು ಗಂಡುಮಕ್ಕಳನ್ನೂ ಕೊಂಡೊಯ್ದು ಮುಖ ತೋರಿಸದಂತೆ ಮಾಡಿದ. ಪ್ರಧಾನಿ ಲಾರ್ಡ್ ಮೆಲ್ಬರ್ನ್ ಜೊತೆ ಆಕೆಗೆ ಅಕ್ರಮ ಸಂಬಂಧವಿದೆಯೆಂದು ಆತ ಹೂಡಿದ್ದ ದಾವೆ ಬಿದ್ದುಹೋಯಿತು. ಆದರೂ ಮಕ್ಕಳು ತಂದೆಯ ಬಳಿಯೇ ಉಳಿದರು. ಕ್ಯಾರೊಲಿನ್ ಕರಪತ್ರಗಳನ್ನು ಬರೆದಳು, ಸಂಸತ್ ಸದಸ್ಯರನ್ನು ಕಂಡಳು. ಅದರ ಫಲವೇ 1839ರ ಶಿಶು ಸುಪರ್ದಿ ಕಾಯ್ದೆ. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು, ಅದಕ್ಕಿಂತ ದೊಡ್ಡ ಮಕ್ಕಳನ್ನು ಭೇಟಿಯಾಗಲು, ತಾಯಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದೆಂದು ಅದು ಹೇಳಿತು. ಗಂಡ ಮಕ್ಕಳನ್ನು ಆ ಕಾಯ್ದೆ ನಡೆಯದ ಸ್ಕಾಟ್ಲೆಂಡಿಗೆ ಸಾಗಿಸಿಬಿಟ್ಟಿದ್ದ. ಹೋರಾಡಿದ ತಾಯಿಗೇ ಅದು ಕೂಡಲೇ ಒದಗಲಿಲ್ಲ. ಗಡಿ ದಾಟಿಸಿದರೆ ಕಾನೂನು ಬೆನ್ನಟ್ಟಲಾರದೆಂಬ ಲೆಕ್ಕಾಚಾರ ಇಂದಿನವರ ಆವಿಷ್ಕಾರವೇನಲ್ಲ. 1873ರ ಇನ್ನೊಂದು ಕಾಯ್ದೆ ವಯಸ್ಸಿನ ಮಿತಿಯನ್ನು ಹದಿನಾರಕ್ಕೆ ಏರಿಸಿತು. ತಂದೆ ತನ್ನ ಹಕ್ಕನ್ನು ತಾಯಿಗೆ ಬಿಟ್ಟುಕೊಟ್ಟು ಮಾಡಿಕೊಂಡ ಕರಾರುಗಳಿಗೂ ಮಾನ್ಯತೆ ಕೊಟ್ಟಿತು. ಆದರೆ ಒಂದು ಷರತ್ತು ಇತ್ತು: ಮಗುವಿನ ಹಿತಕ್ಕೆ ಒಗ್ಗದ ಕರಾರನ್ನು ನ್ಯಾಯಾಲಯ ಜಾರಿಗೊಳಿಸಬೇಕಾಗಿಲ್ಲ.

ಬೆಸೆಂಟರನ್ನು ಮಣಿಸಿದ್ದು ಈ ಷರತ್ತೇ. ಬೇರೆಯಾದ ಮೇಲೆ ಅವರು ನಾಸ್ತಿಕವಾದಿ ಚಾರ್ಲ್ಸ್ ಬ್ರಾಡ್ಲಾ ಜೊತೆ ಸೇರಿ ಭಾಷಣಕಾರ್ತಿಯಾಗಿ ಹೆಸರು ಮಾಡಿದರು. 1877ರಲ್ಲಿ ಇಬ್ಬರೂ ಸೇರಿ, ಅಮೆರಿಕದ ವೈದ್ಯ ನೋಲ್ಟನ್ ಸಂತಾನ ನಿಯಂತ್ರಣದ ಬಗೆಗೆ ಬರೆದಿದ್ದ ಹಳೆಯ ಕಿರುಹೊತ್ತಗೆಯೊಂದನ್ನು ಮರುಮುದ್ರಿಸಿದರು. ಅಶ್ಲೀಲ ಪ್ರಕಟಣೆಯ ಆರೋಪದ ಮೇಲೆ ವಿಚಾರಣೆ ನಡೆದು ಆರು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. 1878ರ ಆರಂಭದಲ್ಲಿ ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣದಿಂದ ಶಿಕ್ಷೆ ರದ್ದಾಯಿತು. ಈ ನಡುವೆ ಆ ಹೊತ್ತಗೆಯ ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾಗಿದ್ದವು; ಮೊಕದ್ದಮೆ ಹೂಡಿದವರೇ ಅದಕ್ಕೆ ಪ್ರಚಾರ ಕೊಟ್ಟಂತಾಯಿತು.

ಜೈಲು ತಪ್ಪಿತು, ಮಗಳು ತಪ್ಪಿಹೋದಳು. ಅದೇ 1878ರಲ್ಲಿ ಫ್ರಾಂಕ್ ಬೆಸೆಂಟ್ ಮೇಬಲ್‌ಳನ್ನು ತನಗೊಪ್ಪಿಸಬೇಕೆಂದು ಅರ್ಜಿ ಹಾಕಿದ. ತಾಯಿ ನಾಸ್ತಿಕಳು, ಭಾಷಣ ಬರಹಗಳಲ್ಲಿ ನಾಸ್ತಿಕತೆಯನ್ನು ಪ್ರಚಾರ ಮಾಡುತ್ತಾಳೆ, ಬ್ರಾಡ್ಲಾನ ಒಡನಾಟದಲ್ಲಿದ್ದಾಳೆ, ಅಶ್ಲೀಲ ಪುಸ್ತಕ ಪ್ರಕಟಿಸಿದ್ದಾಳೆ ಎಂಬುವು ಅವನ ದೂರುಗಳು. ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂಬುದು ಅದರ ತಿರುಳಾಗಿರಲಿಲ್ಲ. ಅರ್ಜಿ ಬಂದದ್ದು ಮಾಸ್ಟರ್ ಆಫ್ ದಿ ರೋಲ್ಸ್ ಸರ್ ಜಾರ್ಜ್ ಜೆಸೆಲ್ ಮುಂದೆ. ಜೆಸೆಲ್ ಸ್ವತಃ ಯೆಹೂದಿ. ಕ್ರೈಸ್ತ ಇಂಗ್ಲೆಂಡಿನ ನ್ಯಾಯಪೀಠವೇರಿದ ಮೊದಲ ಯೆಹೂದಿ. ಬೇರೆ ಮತದವನ ಬಗೆಗೆ ಅವರಲ್ಲಿ ಸಹನೆ ಇದ್ದೀತೆಂದು ಯಾರಾದರೂ ನಿರೀಕ್ಷಿಸಿದ್ದರೆ ನಿರಾಶರಾದರು. ವಕೀಲರಿಲ್ಲದೆ ತಾವೇ ವಾದಿಸಲು ನಿಂತ ಹೆಂಗಸನ್ನು ಕಂಡು ನ್ಯಾಯಾಧೀಶರು ಹೌಹಾರಿದ್ದನ್ನು ಬೆಸೆಂಟರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮಗುವಿಗೆ ಯಾವ ಧರ್ಮಶಿಕ್ಷಣವನ್ನೂ ಕೊಡದೆ ಬೆಳೆಸುವುದೇ ಹಾನಿಕರ, ಮೇಲಾಗಿ ಅಂಥ ಪುಸ್ತಕ ಪ್ರಕಟಿಸಿದ ತಾಯಿಯ ಬಳಿ ಬೆಳೆದ ಹುಡುಗಿಯೊಡನೆ ಮರ್ಯಾದಸ್ಥ ಸಮಾಜ ಬೆರೆಯದು ಎಂಬುದು ತೀರ್ಪಿನ ಧಾಟಿ. ಏಳು ವರ್ಷದ ಮೇಬಲ್ ಆಗಷ್ಟೇ ಜ್ವರದಿಂದ ಏಳುತ್ತಿದ್ದಳು. ಕಿರುಚಾಡುತ್ತ ಕೊಸರಾಡುತ್ತಿದ್ದ ಅವಳನ್ನು ಎತ್ತಿಕೊಂಡು ಹೋದರು.

ಮೇಲ್ಮನವಿಯ ನ್ಯಾಯಾಲಯ 1879ರಲ್ಲಿ ಅದೇ ತೀರ್ಪನ್ನು ಎತ್ತಿಹಿಡಿಯಿತು. ಮಕ್ಕಳನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ಆದರೆ ಪ್ರತಿ ಭೇಟಿಯ ಕೊನೆಗೂ ಮಕ್ಕಳು ಪಡುವ ಯಾತನೆಯನ್ನು ನೋಡಲಾರದೆ, ದೊಡ್ಡವರಾಗಿ ತಾವಾಗಿಯೇ ಬರುವವರೆಗೆ ಕಾಯುವುದೇ ಮೇಲೆಂದು ಬೆಸೆಂಟರು ಭೇಟಿಗಳನ್ನು ಕೈಬಿಟ್ಟರು. ಆ ನಿರ್ಧಾರ ಸರಿಯೇ ಎಂಬುದನ್ನು ಹೊರಗಿನವರು ತೀರ್ಮಾನಿಸಲಾಗದು. ಪ್ರಾಪ್ತ ವಯಸ್ಕರಾದೊಡನೆ ಮಗನೂ ಮಗಳೂ ತಾಯಿಯ ಬಳಿಗೇ ಬಂದರು. ಅಷ್ಟರಲ್ಲಿ ಹತ್ತು ಹನ್ನೆರಡು ವರ್ಷಗಳು ಕಳೆದಿದ್ದವು.

ನಂಬಿಕೆಯ ಕಾರಣಕ್ಕೆ ಮಕ್ಕಳನ್ನು ಕಳೆದುಕೊಂಡವರಲ್ಲಿ ಬೆಸೆಂಟರು ಮೊದಲಿಗರಲ್ಲ. 1817ರಲ್ಲಿ ಕವಿ ಷೆಲ್ಲಿಗೂ ಹೀಗೇ ಆಗಿತ್ತು. ಅವನ ನಾಸ್ತಿಕತೆಯನ್ನೂ ನಡತೆಯನ್ನೂ ಮುಂದಿಟ್ಟು, ಮೊದಲ ಹೆಂಡತಿಯಲ್ಲಿ ಹುಟ್ಟಿದ ಇಬ್ಬರು ಮಕ್ಕಳನ್ನು ಅವನಿಗೆ ಕೊಡಲು ಲಾರ್ಡ್ ಎಲ್ಡನ್ ನಿರಾಕರಿಸಿದ್ದ. ತಂದೆಯ ಹಕ್ಕು ಎಷ್ಟೇ ದೊಡ್ಡದಾದರೂ ದೇವರಿಗಿಂತ ದೊಡ್ಡದಾಗಿರಲಿಲ್ಲ.

ಈಗ ಮದರಾಸು. ಬೆಸೆಂಟರು 1889ರಲ್ಲಿ ಥಿಯಾಸಾಫಿಗೆ ಒಲಿದು, 1893ರಲ್ಲಿ ಭಾರತಕ್ಕೆ ಬಂದು, 1907ರಲ್ಲಿ ಸೊಸೈಟಿಯ ಅಧ್ಯಕ್ಷೆಯಾದರು. ಕೋಲಾರದ ಗಡಿಯಾಚೆಗಿನ ಮದನಪಲ್ಲಿಯಲ್ಲಿ ನಾರಾಯಣಯ್ಯ ಎಂಬ ನಿವೃತ್ತ ಕಂದಾಯ ಅಧಿಕಾರಿ ಇದ್ದರು. ತೆಲುಗು ಬ್ರಾಹ್ಮಣರು, ಬಹುಕಾಲದಿಂದ ಥಿಯಾಸಾಫಿಸ್ಟರು. 1905ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ತಾಯಿಯಿಲ್ಲದ ಗಂಡುಮಕ್ಕಳನ್ನು ಕರೆದುಕೊಂಡು 1909ರಲ್ಲಿ ಅಡ್ಯಾರಿಗೆ ಬಂದು, ಸೊಸೈಟಿಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಸಮುದ್ರ ದಂಡೆಯಲ್ಲಿ ಅವರ ಮಗ ಕೃಷ್ಣಮೂರ್ತಿಯನ್ನು ಕಂಡ ಲೆಡ್‌ಬೀಟರ್ ಎಂಬ ಹಿರಿಯ ಥಿಯಾಸಾಫಿಸ್ಟ್, ಇವನೇ ಬರಲಿರುವ ಜಗದ್ಗುರುವಿಗೆ ವಾಹನವಾಗುವವನು ಎಂದು ಘೋಷಿಸಿದ. ಹುಡುಗನಿಗೆ ಆಗ ಹದಿನಾಲ್ಕು. ಅವನನ್ನೂ ತಮ್ಮ ನಿತ್ಯಾನಂದನನ್ನೂ ಸೊಸೈಟಿಯೇ ಓದಿಸಲು ತೊಡಗಿತು. 1910ರ ಮಾರ್ಚ್ 6ರಂದು ನಾರಾಯಣಯ್ಯ ಇಬ್ಬರಿಗೂ ಬೆಸೆಂಟರೇ ಪೋಷಕರೆಂದು ಪತ್ರ ಬರೆದುಕೊಟ್ಟರು.

ಎರಡು ವರ್ಷ ಕಳೆಯುವುದರೊಳಗೆ ತಂದೆಯ ಮನಸ್ಸು ಕದಡಿತು. ಮಗನ ಸುತ್ತ ಒಂದು ಪಂಥವೇ ಕಟ್ಟಿಕೊಂಡಿತ್ತು. ದೊಡ್ಡವರು ಬಂದು ಅವನ ಕಾಲಿಗೆ ಬೀಳುತ್ತಿದ್ದರು. ಜಾತಿಯವರು ನಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳು ಲೆಡ್‌ಬೀಟರ್ ಸಹವಾಸದಲ್ಲಿರುವುದು ತಂದೆಗೆ ಸಹಿಸದಾಗಿತ್ತು. ಮಕ್ಕಳೊಡನೆ ಆತನ ನಡವಳಿಕೆಯ ಬಗೆಗೆ ಹಿಂದೆಯೂ ಗಂಭೀರ ಆಕ್ಷೇಪಗಳು ಬಂದಿದ್ದವು. 1912ರ ಆರಂಭದಲ್ಲಿ ಬೆಸೆಂಟರು ಹುಡುಗರನ್ನು ಇಂಗ್ಲೆಂಡಿಗೆ ಕರೆದೊಯ್ದು, ಅಲ್ಲೇ ಬಿಟ್ಟುಬಂದರು. ಅಕ್ಟೋಬರಿನಲ್ಲಿ ನಾರಾಯಣಯ್ಯ ಚೆಂಗಲ್ಪಟ್ಟಿನ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು ಮದರಾಸು ಹೈಕೋರ್ಟಿಗೆ ವರ್ಗವಾಯಿತು.

1913ರ ಬೇಸಿಗೆಯಲ್ಲಿ ನ್ಯಾಯಮೂರ್ತಿ ಬೇಕ್‌ವೆಲ್ ಮುಂದೆ ನಡೆದ ವಿಚಾರಣೆಗೆ ಮದರಾಸೇ ಕಿವಿಗೊಟ್ಟಿತ್ತು. ತಂದೆಯ ಪರ ಸಿ.ಪಿ. ರಾಮಸ್ವಾಮಿ ಅಯ್ಯರ್. ಎದುರಿಗೆ ಮತ್ತೆ ವಕೀಲರಿಲ್ಲದೆ, ಅರವತ್ತೈದರ ಬೆಸೆಂಟರು. ಹೀಗೆ ಎದುರಾಳಿಗಳಾಗಿ ಪರಿಚಯವಾದ ಇಬ್ಬರೂ ಕೆಲವೇ ವರ್ಷಗಳಲ್ಲಿ ಹೋಂ ರೂಲ್ ಚಳವಳಿಯಲ್ಲಿ ಜೊತೆಗಾರರಾದದ್ದು ಬೇರೆ ಕಥೆ. ಲೆಡ್‌ಬೀಟರ್ ವಿರುದ್ಧ ತಂದೆ ಹೊರಿಸಿದ ನಿರ್ದಿಷ್ಟ ಆರೋಪ ಸಾಬೀತಾಗಿಲ್ಲವೆಂದು ನ್ಯಾಯಮೂರ್ತಿಗಳು ತೀರ್ಮಾನಿಸಿದರು. ಖರ್ಚನ್ನೂ ತಂದೆಯ ತಲೆಗೇ ಕಟ್ಟಿದರು. ಆದರೂ ಹುಡುಗರು ನ್ಯಾಯಾಲಯದ ಪಾಲ್ಯರೆಂದು ಸಾರಿ, ಮೇ ತಿಂಗಳೊಳಗೆ ಅವರನ್ನು ತಂದೆಗೆ ಒಪ್ಪಿಸಬೇಕೆಂದು ಆಜ್ಞಾಪಿಸಿದರು. ಅದೇ ವರ್ಷ ಹೈಕೋರ್ಟಿನ ಮೇಲ್ಮನವಿ ಪೀಠವೂ ಆ ಆಜ್ಞೆಯನ್ನು ಉಳಿಸಿತು. ಬೆಸೆಂಟರು ಪ್ರಿವಿ ಕೌನ್ಸಿಲ್ಲಿಗೆ ಹೋದರು.

1914ರ ಮೇ 25ರಂದು ಲಾರ್ಡ್ ಪಾರ್ಕರ್ ತೀರ್ಪು ಓದಿದರು. ಬೆಸೆಂಟರು ಗೆದ್ದರು. ಆದರೆ ಗೆದ್ದ ಕಾರಣಗಳನ್ನು ನೋಡಬೇಕು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಂತೆ ಪೋಷಕತ್ವದ ಅರ್ಜಿಯನ್ನು ಕೊಡಬೇಕಾದದ್ದು ಮಗು ಸಾಮಾನ್ಯವಾಗಿ ವಾಸಿಸುವ ಜಿಲ್ಲೆಯ ನ್ಯಾಯಾಲಯಕ್ಕೆ. ಇಂಗ್ಲೆಂಡಿನಲ್ಲಿ ಓದುತ್ತಿರುವ ಹುಡುಗರು ಚೆಂಗಲ್ಪಟ್ಟಿನ ವಾಸಿಗಳಾಗುವುದಿಲ್ಲ. ಇನ್ನೊಂದು, ಹುಡುಗರ ಪರವಾಗಿ ಯಾರೂ ನ್ಯಾಯಾಲಯದಲ್ಲಿರಲಿಲ್ಲ. ಅವರ ಇಚ್ಛೆಯೇನೆಂದು ಯಾರೂ ವಿಚಾರಿಸಿರಲಿಲ್ಲ. ಬೆಳೆದ ಹುಡುಗರನ್ನು ಅವರ ಒಪ್ಪಿಗೆಯಿಲ್ಲದೆ ಹಡಗು ಹತ್ತಿಸಿ ತಾ ಎಂದು ಬೆಸೆಂಟರಿಗೆ ಆಜ್ಞಾಪಿಸುವುದೂ ಸಲ್ಲದು. ತಂದೆ ಬೇಕಿದ್ದರೆ ಇಂಗ್ಲೆಂಡಿನ ಹೈಕೋರ್ಟಿಗೆ ಹೋಗಬಹುದು. ನಾರಾಯಣಯ್ಯ ಹೋಗಲಿಲ್ಲ. ತೀರ್ಪಿನ ದಿನಕ್ಕೆ ಕೃಷ್ಣಮೂರ್ತಿ ಹತ್ತೊಂಬತ್ತು ದಾಟಿದ್ದ.

ಮೂಲ ಪ್ರಶ್ನೆಯಲ್ಲಿ ತೀರ್ಪು ತಂದೆಯ ಕಡೆಗೇ ಇತ್ತು. ಹಿಂದೂ ತಂದೆ ಮಕ್ಕಳ ಸ್ವಾಭಾವಿಕ ಪೋಷಕ. ಆ ಪೋಷಕತ್ವ ಪವಿತ್ರವಾದ ಒಂದು ಹೊಣೆ. ಬದುಕಿರುವಾಗ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬಾರದು. ಮಗುವನ್ನು ಸಾಕಲು, ಓದಿಸಲು ಇನ್ನೊಬ್ಬರಿಗೆ ಒಪ್ಪಿಸಬಹುದು. ಆದರೆ ಹಾಗೆ ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆಯುವ ಹಕ್ಕು ಉಳಿದೇ ಇರುತ್ತದೆ. ಅಂದರೆ 1910ರ ಪತ್ರಕ್ಕೆ ಬೆಸೆಂಟರು ಭಾವಿಸಿದ್ದಷ್ಟು ಬಲವಿರಲಿಲ್ಲ. ಹಿಂದೆ ಮೇಬಲ್‌ಳ ವಿಷಯದಲ್ಲಿ 1873ರ ಕರಾರು ಹೇಗೆ ಕೈಕೊಟ್ಟಿತೋ ಈ ಪತ್ರವೂ ಹಾಗೆಯೇ. ಆದರೆ ಲಾರ್ಡ್ ಪಾರ್ಕರ್ ಒಂದು ಮಾತು ಸೇರಿಸಿದರು: ಒಪ್ಪಿಸಿದ ಮೇಲೆ ಮಗು ಹೊಸ ಬಾಂಧವ್ಯಗಳನ್ನು, ನಿರೀಕ್ಷೆಗಳನ್ನು ಬೆಳೆಸಿಕೊಂಡಿದ್ದರೆ, ಅದನ್ನು ಕಿತ್ತು ತರುವುದು ಮಗುವಿನ ಹಿತಕ್ಕೆ ವಿರುದ್ಧವಾಗುವುದಾದರೆ, ನ್ಯಾಯಾಲಯ ತಂದೆಯನ್ನು ತಡೆಯಬಹುದು. ಬಂಜೆತನದ ಅಕ್ಕನಿಗೆ, ಊರಿನ ಅಜ್ಜಿಗೆ ಮಗುವನ್ನು ಬಿಟ್ಟು, ವರ್ಷಗಳ ಮೇಲೆ ಹಿಂದಕ್ಕೆ ಕೇಳುವ ಪ್ರಸಂಗಗಳು ನಮ್ಮ ಮನೆಗಳಲ್ಲಿ ಹೊಸವಲ್ಲ. ಅಲ್ಲೆಲ್ಲ ಎರಡೂ ಕಡೆಯವರು ಒಂದೇ ತೀರ್ಪಿನ ಒಂದೊಂದು ವಾಕ್ಯಕ್ಕೆ ಜೋತುಬೀಳಲು ಇದೇ ಕಾರಣ.

ಮಗಳನ್ನು ಕಸಿದುಕೊಂಡ ನೋವನ್ನು ಅಷ್ಟು ತೀವ್ರವಾಗಿ ಬರೆದ ಹೆಣ್ಣು, ಮಕ್ಕಳಿಗಾಗಿ ಕೋರ್ಟಿಗೆ ಬಂದ ವಿಧುರನಲ್ಲಿ ತನ್ನನ್ನು ಕಾಣಲಿಲ್ಲವೇ ಎಂಬ ಪ್ರಶ್ನೆ ಏಳದಿರದು. ಬೆಸೆಂಟರಿಗೆ ಹುಡುಗರ ಮೇಲಿದ್ದ ಮಮತೆ ನಿಜವಾದದ್ದೇ. ಕೃಷ್ಣಮೂರ್ತಿ ಕೊನೆಯವರೆಗೂ ಅವರನ್ನು ಅಮ್ಮನೆಂದೇ ಪ್ರೀತಿಸಿದರು. ಆದರೆ ಜೆಸೆಲ್‌ಗೆ ತನ್ನ ಸಮಾಜದ ಧರ್ಮದ ಬಗೆಗೆ ಎಷ್ಟು ಖಾತ್ರಿಯಿತ್ತೋ, ಬೆಸೆಂಟರಿಗೆ ಜಗದ್ಗುರುವಿನ ಬಗೆಗೆ ಅಷ್ಟೇ ಖಾತ್ರಿಯಿತ್ತು. ಯಾವ ಆಕ್ಸ್‌ಫರ್ಡ್ ವಿದ್ಯಾಭ್ಯಾಸಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಆಕ್ಸ್‌ಫರ್ಡ್ ಪ್ರವೇಶ ಕೃಷ್ಣಮೂರ್ತಿಗೆ ಸಿಗಲೇ ಇಲ್ಲ. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ ಅವರು ತಮಗಾಗಿಯೇ ಕಟ್ಟಿದ್ದ ಪಂಥವನ್ನು ಬೆಸೆಂಟರ ಎದುರಿನಲ್ಲೇ ವಿಸರ್ಜಿಸಿದರು.

ಇತ್ತ ಕಾನೂನು ನಿಧಾನವಾಗಿ ಜರುಗುತ್ತಿತ್ತು. ಇಂಗ್ಲೆಂಡ್ 1925ರಲ್ಲಿ ಮಗುವಿನ ಹಿತವೇ ಎಲ್ಲಕ್ಕಿಂತ ಮೊದಲೆಂದು ಶಾಸನ ಮಾಡಿತು. ಸ್ವತಂತ್ರ ಭಾರತದಲ್ಲಿ 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ಅದೇ ಮಾತನ್ನು ಹೇಳಿತು. ಆದರೆ ಅದೇ ಕಾಯ್ದೆಯ 6ನೆಯ ಕಲಮಿನಲ್ಲಿ ಸ್ವಾಭಾವಿಕ ಪೋಷಕರು ಯಾರೆಂದರೆ ತಂದೆ, ಆತನ ನಂತರ ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. ಇಲ್ಲಿ ಜನ ಗೊಂದಲಗೊಳ್ಳುವ ಒಂದು ಸೂಕ್ಷ್ಮವಿದೆ. ಸುಪರ್ದಿ ಬೇರೆ, ಪೋಷಕತ್ವ ಬೇರೆ. ಮಗು ಯಾರ ಮನೆಯಲ್ಲಿ ಉಂಡು ಮಲಗುತ್ತದೆ ಎಂಬುದು ಸುಪರ್ದಿ. ಮಗುವಿನ ಆಸ್ತಿ, ಬ್ಯಾಂಕಿನ ಕಾಗದಗಳಿಗೆ ಯಾರ ಸಹಿ ನಡೆಯುತ್ತದೆ ಎಂಬುದು ಪೋಷಕತ್ವ. ಮಗುವನ್ನು ಹಗಲಿರುಳು ಸಾಕುವ ತಾಯಿಯ ಸಹಿ ನಡೆಯದಿರಬಹುದು. ಮುಸ್ಲಿಮರ ಹನಫಿ ಕಾನೂನಿನಲ್ಲೂ ಇಂಥದೇ ವಿಂಗಡಣೆಯಿದೆ: ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಮೈನೆರೆಯುವವರೆಗೆ ತಾಯಿಯ ಬಳಿ, ಪೋಷಕತ್ವ ಮಾತ್ರ ತಂದೆಯದು.

ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಅರ್ಜಿ ಹಾಕಿದಾಗ, ತಂದೆಯ ಸಹಿ ಬೇಕೆಂದು ಅರ್ಜಿ ಹಿಂದಿರುಗಿತು. ತಾನೇ ಪೋಷಕಿಯಾಗಿರಲೆಂದು ಗಂಡನೂ ಒಪ್ಪಿದ್ದ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರುವರಿ 17ರಂದು ಬಂದ ತೀರ್ಪು ಕಲಮನ್ನು ಹೊಡೆದುಹಾಕಲಿಲ್ಲ. ಒಂದು ಪದಕ್ಕೆ ಹೊಸ ಅರ್ಥ ಕೊಟ್ಟಿತು. ‘ಆತನ ನಂತರ’ ಎಂದರೆ ಆತ ಸತ್ತ ಮೇಲೆ ಎಂದಲ್ಲ, ಆತನ ಗೈರುಹಾಜರಿಯಲ್ಲಿ ಎಂದು. ತಂದೆ ಮಗುವಿನ ಯೋಗಕ್ಷೇಮದಲ್ಲಿ ಉದಾಸೀನನಾಗಿದ್ದರೆ, ಅಥವಾ ಇಬ್ಬರೂ ಒಪ್ಪಿ ತಾಯಿಗೆ ಹೊಣೆ ಕೊಟ್ಟಿದ್ದರೆ, ಅದೂ ಗೈರುಹಾಜರಿಯೇ. ಜಾಣ ಪರಿಹಾರವೇನೋ ಹೌದು. ಆದರೂ ತಂದೆ ಹಾಜರಿದ್ದು ಮಗುವಿನ ಉಸ್ತುವಾರಿ ನೋಡುತ್ತಿರುವಾಗ ತಾಯಿ ಎರಡನೆಯವಳೇ. 2010ರ ತಿದ್ದುಪಡಿ 1890ರ ಕಾಯ್ದೆಯ 19ನೆಯ ಕಲಮಿನಲ್ಲಿ ತಂದೆಯ ಜೊತೆಗೆ ತಾಯಿಯನ್ನೂ ಸೇರಿಸಿತು.

ಲಾರ್ಡ್ ಪಾರ್ಕರ್ ಎತ್ತಿದ ಮಿಕ್ಕ ಅಂಶಗಳು ಇಂದಿಗೂ ಬಳಕೆಯಲ್ಲಿವೆ. ಪೋಷಕತ್ವದ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲೇ ಆಗಬೇಕು. 1984ರ ಕಾಯ್ದೆಯ ಮೇಲೆ ಬಹಳ ಕಡೆ ಅದು ಕೌಟುಂಬಿಕ ನ್ಯಾಯಾಲಯ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಗಮನಿಸಬಹುದೆಂದು 17ನೆಯ ಕಲಮು ಹೇಳುತ್ತದೆ. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿ ಮಾತಾಡಿಸುವ ರೂಢಿಗೆ ಆಧಾರ ಅದೇ. ಇಚ್ಛೆಯನ್ನು ಕೇಳಬೇಕೇ ಹೊರತು ಅದೇ ಕೊನೆಯ ಮಾತಲ್ಲ. ಸುಪರ್ದಿಯ ಆದೇಶವೂ ಎಂದಿಗೂ ಕೊನೆಯದಲ್ಲ. ಸನ್ನಿವೇಶ ಬದಲಾದರೆ ಬದಲಾಗುತ್ತದೆ. ಮಕ್ಕಳು ತಂದೆತಾಯಿಗಳ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು 1973ರ ರೋಸಿ ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಮದರಾಸಿನಿಂದಲೇ ಬಂದ ವ್ಯಾಜ್ಯವೊಂದರಲ್ಲಿ. ವಿದೇಶದಲ್ಲಿ ನೆಲೆಸಿದ ಕನ್ನಡದ ಕುಟುಂಬ ಮುರಿದು, ಒಬ್ಬರು ಮಗುವಿನೊಡನೆ ಬೆಂಗಳೂರಿಗೆ ಬಂದುಬಿಟ್ಟಾಗ ಹುಟ್ಟುವ ತೊಡಕು ಇನ್ನೂ ಬಿಡಿಸಿಲ್ಲ. ಗಡಿ ದಾಟಿಸಿದ ಮಕ್ಕಳನ್ನು ಹಿಂದಿರುಗಿಸುವ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಪ್ರತಿಯೊಂದು ಪ್ರಕರಣವನ್ನೂ ಇಲ್ಲಿನ ನ್ಯಾಯಾಲಯಗಳು ಮಗುವಿನ ಹಿತದ ದೃಷ್ಟಿಯಿಂದ ಬೇರೆಬೇರೆಯಾಗಿಯೇ ನೋಡಬೇಕು.

ಮೇಬಲ್‌ಳ ಪ್ರಕರಣದ ನೆರಳೂ ಪೂರ್ತಿ ಸರಿದಿಲ್ಲ. ತಾಯಿ ನಾಸ್ತಿಕಳೆಂಬ ಒಂದೇ ಕಾರಣಕ್ಕೆ ಮಗುವನ್ನು ಕಿತ್ತುಕೊಳ್ಳಲು ಇಂದು ಕಾನೂನಿನಲ್ಲಿ ಎಡೆಯಿಲ್ಲ. ಆದರೆ 1956ರ ಕಾಯ್ದೆಯ ಅದೇ 6ನೆಯ ಕಲಮು, ಹಿಂದೂ ಧರ್ಮವನ್ನು ತೊರೆದವರು ಮತ್ತು ಸಂನ್ಯಾಸ ಸ್ವೀಕರಿಸಿದವರು ಸ್ವಾಭಾವಿಕ ಪೋಷಕರಾಗಿ ನಡೆಯಲು ಅರ್ಹರಲ್ಲ ಎನ್ನುತ್ತದೆ. ಮತಾಂತರಗೊಂಡ ತಾಯಿಗೋ ತಂದೆಗೋ ಮಗುವಿನ ಸುಪರ್ದಿ ಸಿಗಬಾರದೆಂದು ಇದರ ಅರ್ಥವಲ್ಲ. ಅದನ್ನು ತೀರ್ಮಾನಿಸುವುದು ಮಗುವಿನ ಹಿತ. ಪೋಷಕತ್ವಕ್ಕೆ ಮಾತ್ರ ಆ ವಾಕ್ಯ ಅಡ್ಡ ಬರುತ್ತದೆ.

ತಂದೆತಾಯಿಗಳನ್ನು ಸಮಾನವಾಗಿ, ಜಂಟಿಯಾಗಿ ಪೋಷಕರೆಂದು ಗುರುತಿಸಬೇಕೆಂದು ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಶಿಫಾರಸು ಮಾಡಿತು. 6ನೆಯ ಕಲಮಿನಲ್ಲಿ ಇನ್ನೂ ‘ತಂದೆ, ಆತನ ನಂತರ ತಾಯಿ’ ಎಂದೇ ಇದೆ.